ಸಭೆಯ ಅವಸರ ಪಾಸ್ಟರ್ ಒಬ್ಬರದೇ ಏಕೆ?

ಮಾನ್ಯರೇ,

ಬೀದರ್ ಜಿಲ್ಲೆಯ ಒಂದು ಗ್ರಾಮೀಣ ಮೆಥೋಡಿಸ್ಟ್ ಕ್ರೈಸ್ತ ಸಭೆಯ (ಚರ್ಚಿನ) ಸದಸ್ಯ ನಾನು. ವರ್ಗಾವಣೆಯಾಗಿ ಹೊಸ ಪಾಸ್ಟರ್ ಬಂದಾಗಲೆಲ್ಲ ನಮ್ಮಲ್ಲಿ ಹುರುಪು ಮೂಡುತ್ತದೆ, ಅದು ಹೆಚ್ಚಾಗಿ ಕಟ್ಟಡದ ರೂಪವನ್ನೇ ತಾಳುತ್ತದೆ: ಒಬ್ಬರ ಕಾಲಕ್ಕೆ ಕಾಂಪೌಂಡು, ಇನ್ನೊಬ್ಬರ ಕಾಲಕ್ಕೆ ಗ್ರಾನೈಟ್ ನೆಲಹಾಸು, ಈಗ ಗೋಪುರ. ಕಾಲ ಮೀರುತ್ತಿದೆ ಎಂದು ಅವರು ಪ್ರಸಂಗದಲ್ಲಿ (ಆರಾಧನೆಯ ಬೋಧನೆಯಲ್ಲಿ) ಎಚ್ಚರಿಸುತ್ತಾರೆ. ನಾವು ಕಾಣಿಕೆ ಹಾಕಿ, ನಮ್ಮ ಪಾಲಿನ ಕೆಲಸ ಮುಗಿಯಿತೆಂದು ಮನೆಗೆ ಹೋಗುತ್ತೇವೆ. ಪಾಸ್ಟರ್ ಅವರ ಶ್ರದ್ಧೆಯ ಬಗ್ಗೆ ನನಗೆ ಸಂದೇಹವಿಲ್ಲ.

ಇಂಥ ಪ್ರಸಂಗಗಳಲ್ಲಿ, ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದ ಬೈಬಲಿನ ನೆಹೆಮೀಯನ ಹೆಸರು ತಪ್ಪದೆ ಬರುತ್ತದೆ. ಆ ಗೋಡೆ 52 ದಿನಗಳಲ್ಲಿ ಎದ್ದಿತೆಂದು ಹೇಳುವವರು, ಅವನು ಮೊದಲು ಯಾರಿಗೂ ತಿಳಿಸದೆ ರಾತ್ರಿ ಹೊರಟು ಬಿದ್ದ ಗೋಡೆಯನ್ನು ನೋಡಿ ಬಂದದ್ದನ್ನಾಗಲಿ, ಹಲವರು ತಂತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದ್ದನ್ನಾಗಲಿ ಹೇಳುವುದು ಕಡಿಮೆ. ಅಕ್ಕಸಾಲಿಗರೂ ಶಲ್ಲೂಮನೆಂಬ ಅಧಿಕಾರಿಯ ಹೆಣ್ಣುಮಕ್ಕಳೂ ಕಟ್ಟಿದವರ ಪಟ್ಟಿಯಲ್ಲಿದ್ದಾರೆ. (ತೆಕೋವ ಎಂಬ ಊರಿನ ಶ್ರೀಮಂತರು ಹೆಗಲು ಕೊಡಲಿಲ್ಲವೆಂಬುದೂ ಅಲ್ಲೇ ಇದೆ, ನಮ್ಮ ಕಮಿಟಿಯವರು ಒಮ್ಮೆ ಓದಿಕೊಳ್ಳಬೇಕು.) ಅವನ ಹೆಸರಿನ ಪುಸ್ತಕದ ಐದನೆಯ ಅಧ್ಯಾಯದಲ್ಲಂತೂ, ಹೊಲಗಳನ್ನು ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಬಿಡಬೇಕಾದ ಬಡವರ ಗೋಳು ಕೇಳಿ, ನೆಹೆಮೀಯನು ಸಾಲ ಕೊಟ್ಟ ಧನಿಕರನ್ನು ಸಭೆಯ ಮುಂದೆ ನಿಲ್ಲಿಸಿ, ಆ ಹೊಲಗಳನ್ನು ಮರಳಿ ಕೊಡಿಸುತ್ತಾನೆ.

ನಮ್ಮ ಊರಿನ ಬಿದ್ದ ಗೋಡೆಯೂ ಇದೇ. ಗಂಡಸರು ಹೈದರಾಬಾದ್, ಪುಣೆಗಳ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ; ಹೆಂಗಸರು ಸಂಘದ ಸಾಲದ ವಾರದ ಕಂತು ಹೊಂದಿಸಲು ಹೆಣಗುತ್ತಿದ್ದಾರೆ. ಕಿರುಸಾಲ (ಮೈಕ್ರೋಫೈನಾನ್ಸ್) ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆರಾಧನೆಗೆ ಬಾರದ ಸಹೋದರಿಯ ವಿಶ್ವಾಸ ತಣ್ಣಗಾಗಿದೆ ಎಂದು ತೀರ್ಮಾನಿಸುವ ನಾವು, ಆಕೆ ಏಕೆ ಬರಲಿಲ್ಲವೆಂದು ಮನೆಗೆ ಹೋಗಿ ಕೇಳುವುದಿಲ್ಲ.

ಮೆಥೋಡಿಸ್ಟರಿಗೆ ಈ ಕೆಲಸ ಹೊಸದಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಸಾಲ ತೀರಿಸಲೆಂದು ಮೆಥೋಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಮತ್ತು ಸಂಗಡಿಗರು ಸದಸ್ಯರನ್ನು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಗುಂಪಿಗೊಬ್ಬ ಮುಖಂಡನನ್ನು ನೇಮಿಸಿದರು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಮನೆಯೊಳಗಿನ ಸ್ಥಿತಿ ಕಾಣಿಸಿತು. ವಸೂಲಿಯ ಏರ್ಪಾಡು ‘ಕ್ಲಾಸ್ ಮೀಟಿಂಗ್’ ಎಂಬ ಪರಸ್ಪರ ಆರೈಕೆಯ ಕೂಟವಾಯಿತು. ಆ ಮುಖಂಡರಲ್ಲಿ ಹೆಚ್ಚಿನವರು ಸಾಮಾನ್ಯ ಸದಸ್ಯರೇ ಆಗಿದ್ದರು.

ಆದ್ದರಿಂದ ಹೊಸ ಪಾಸ್ಟರ್‌ಗಳಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ಮೂರು ತಿಂಗಳು ಯಾವ ವಂತಿಗೆಯನ್ನೂ ಎತ್ತದೆ ಸಭೆಯ ಎಲ್ಲ ಮನೆಗಳನ್ನು ನೋಡಿ ಬನ್ನಿ; ಹೋಗುವಾಗ ಪ್ರತಿ ಓಣಿಯಿಂದ ಒಬ್ಬ ಸದಸ್ಯರನ್ನು ಕರೆದುಕೊಂಡು ಹೋಗಿ, ಆಮೇಲೆ ಆ ಓಣಿಯನ್ನು ಅವರಿಗೇ ಒಪ್ಪಿಸಿ. ನಮ್ಮ ಓಣಿಯ ಪಟ್ಟಿಯನ್ನು ಕಳೆದ ತಿಂಗಳು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಹನ್ನೆರಡು ಮನೆಗಳಲ್ಲಿ ನಾಲ್ಕಕ್ಕೆ ಬೀಗ ಬಿದ್ದಿದೆ.

– ಸಭೆಯ ಹಿರಿಯ ಸದಸ್ಯ, ಬೀದರ್ ತಾಲ್ಲೂಕು