ಸಚಿವರೇ, ಓದೋಕೆ ಹದಿನೈದು ದಿನ ಕೊಡಿಸಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ. ನಿಮ್ಮ ಇಲಾಖೆಯ ಹೆಸರಲ್ಲೇ ಕುಟುಂಬ ಇದೆ. ಹಾಗಾಗಿ ಫ್ಯಾಮಿಲಿ ಮೆಡಿಸಿನ್ ಓದಿದವಳ ಪತ್ರವನ್ನು ಕಸದಬುಟ್ಟಿಗೆ ಹಾಕಲಾರಿರಿ ಅಂದುಕೊಂಡಿದ್ದೇನೆ. ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಕಳೆದ ವಾರ ನನ್ನ ಜೂನಿಯರ್ ಒಬ್ಬಳು ಫೋನ್ ಮಾಡಿ ಅತ್ತಳು. ಪರೀಕ್ಷೆ ಹತ್ತಿರ ಬಂತು, ನನ್ನ ರಜೆ ಅರ್ಜಿ ಕೂತಿದ್ದ ಮೇಜಿನ ಮೇಲೇ ಅವಳದ್ದೂ ಕೂತಿದೆಯಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಬಿಬಿಎಸ್ ಮುಗಿಸಿ, ನೀಟ್ ಪಿಜಿ ಬರೆದು, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್‌ಗೆ ಸೇರಿದವಳು ನಾನು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಮೂರು ವರ್ಷದ ಸ್ನಾತಕೋತ್ತರ ಕೋರ್ಸು ಇದು. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಅಲ್ಲಿ ಇನ್ನೂ ನಮ್ಮ ಹುಡುಗ ಹುಡುಗಿಯರು ಡ್ಯೂಟಿ ಮಾಡುತ್ತಿದ್ದಾರೆ.

ನಿಯಮ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 30 ದಿನ ರಜೆ. ಜಾಸ್ತಿ ಹಾಕಿದರೆ ಟ್ರೇನಿಂಗ್ ಅಷ್ಟು ಮುಂದಕ್ಕೆ ಹೋಗುತ್ತದೆ. ಕೊನೆಗೆ ನಾಲ್ಕು ಥಿಯರಿ ಪೇಪರ್, ತಲಾ 100 ಅಂಕ, ಮೂರು ಮೂರು ಗಂಟೆ. ಒಟ್ಟು 400ಕ್ಕೆ 200 ಬಂದರೆ ಮಾತ್ರ ಪ್ರಾಕ್ಟಿಕಲ್. ನನಗೆ ಬಂದದ್ದು 194.

ಪರೀಕ್ಷೆಗೆ ಒಂದೂವರೆ ತಿಂಗಳು ಮುಂಚೆಯೇ ಅರ್ಜಿ ಕೊಟ್ಟಿದ್ದೆ. ಹದಿನೈದು ದಿನ, ಓದೋಕೆ. ಹೊಸದಾಗಿ ಏನೂ ಕೇಳಿರಲಿಲ್ಲ. ನನ್ನದೇ 30 ದಿನದಲ್ಲಿ ಕಳೆಯಿರಿ ಅಂತ ಬರೆದಿದ್ದೆ. ಅರ್ಜಿಯ ಮೇಲೆ ಹಸಿರು ಇಂಕಿನಲ್ಲಿ ‘ಪರಿಶೀಲಿಸಿ’ ಅಂತ ಬಿತ್ತು. ಯಾರು ಪರಿಶೀಲಿಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಳಲು ಹೋದರೆ, "ಪರೀಕ್ಷೆ ನಿಮ್ಮ ಸ್ವಂತ ವಿಷಯ ಅಲ್ವಾ ಡಾಕ್ಟರೇ?" ಅಂದರು. ಬರೆಯುವ ದಿನಗಳಿಗೆ ಮಾತ್ರ ಬಿಟ್ಟರು.

ಮೊದಲ ಪೇಪರ್‌ನ ಹಿಂದಿನ ರಾತ್ರಿ ನನ್ನ ಡ್ಯೂಟಿ ಎಂಟಕ್ಕೆ ಮುಗಿಯಬೇಕಿತ್ತು. ನನ್ನ ಜಾಗಕ್ಕೆ ಬರಬೇಕಾದವರು ಹೊತ್ತಿಗೆ ಬರಲಿಲ್ಲ. ಹತ್ತೂವರೆಗೆ ಬೆಂಗಳೂರು ಬಸ್ಸಿಗೆ ಹೊರಡೋಣ ಅಂತ ಬ್ಯಾಗ್ ಹೆಗಲಿಗೆ ಹಾಕಿದ್ದೆ, ಅಷ್ಟರಲ್ಲಿ ಫಿಟ್ಸ್ ಬಂದ ಬಸುರಿಯೊಬ್ಬಳನ್ನು ಆಟೋದಲ್ಲಿ ತಂದರು. ಎಕ್ಲಾಂಪ್ಸಿಯಾ, ಅಂದರೆ ಬಸುರಿಯರಲ್ಲಿ ಬಿಪಿ ಏರಿ ಬರುವ ಫಿಟ್ಸ್. ಬಿಟ್ಟು ಹೋಗೋಕಾಗುತ್ತಾ? ಮೆಗ್ನೀಷಿಯಂ ಕೊಟ್ಟು, ಬಿಪಿ ಇಳಿಸಿ, ಥಿಯೇಟರಿಗೆ ಕಳಿಸುವಷ್ಟರಲ್ಲಿ ರಾತ್ರಿ ಒಂದು ಗಂಟೆಯಾಗಿತ್ತು. ಸಿಕ್ಕ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದೆ. ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಪರೀಕ್ಷೆಗೆ ಹೋದೆ. ತಾಯಿ, ಮಗು ಇಬ್ಬರೂ ಉಳಿದರು, ಆ ಒಂದು ಖುಷಿ ಇದೆ. ಆದರೆ ಎರಡನೇ ಗಂಟೆಯಲ್ಲಿ ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ. ಎಚ್ಚರವಾದಾಗ ಒಂದು ಪದದ ನಡುವಿನಿಂದ ಪೆನ್ನಿನ ಗೆರೆ ಜಾರಿ ಪುಟದ ಅಂಚಿನವರೆಗೆ ಹೋಗಿತ್ತು. ಹತ್ತತ್ತು ಅಂಕದ ಎರಡು ಪ್ರಶ್ನೆ ಮುಟ್ಟಲೇ ಆಗಲಿಲ್ಲ.

ಇದನ್ನೂ ನುಂಗಿಕೊಂಡಿದ್ದೆ, ಸ್ವಾಮಿ. ನುಂಗಲಾಗದ್ದು ಮುಂದಿನದು. ಪರೀಕ್ಷೆ ಮುಗಿದ ಹನ್ನೊಂದನೇ ದಿನ ನನ್ನ ಕೈಗೆ ಆದೇಶ ಬಂತು. ‘ಕೋರಿರುವಂತೆ 15 ದಿನಗಳ ರಜೆ ಮಂಜೂರು ಮಾಡಿದೆ.’ ದಿನಾಂಕ ನಾನು ಕೇಳಿದ್ದೇ, ಎಲ್ಲವೂ ಆಗಲೇ ಕಳೆದುಹೋಗಿದ್ದವು. ರಜೆ ಪುಸ್ತಕದಲ್ಲೂ ಅಷ್ಟು ದಿನ ಕಳೆದಿದ್ದರು. ಅಂದರೆ ನಾನು ರಜೆಯಲ್ಲಿದ್ದೆನಂತೆ! ಹಾಗಾದರೆ ಆ ಹದಿನೈದು ದಿನ ಓಪಿಡಿ ಚೀಟಿಗಳ ಮೇಲೆ ಸಹಿ ಹಾಕಿದ್ದು ಯಾರು, ನನ್ನ ಭೂತವೇ? ಅದನ್ನು ಸರಿ ಮಾಡಿಸೋಕೆ ಮೂರು ವಾರ ಅಲೆದೆ. ಆ ಅಲೆದಾಟಕ್ಕೆ ಯಾರೂ ನನ್ನಿಂದ ರಜೆ ಅರ್ಜಿ ಕೇಳಲಿಲ್ಲ, ನೋಡಿ.

ನಮ್ಮ ಕೋರ್ಸಿಗೆ ಇನ್ನೊಂದು ಕರ್ಮ ಇದೆ. ಸರ್ಜರಿಯವರಿಗೆ ಸರ್ಜರಿ ವಿಭಾಗ ತವರುಮನೆ. ನಾವು ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳು, ಚರ್ಮ, ಕಣ್ಣು ಅಂತ ತಿಂಗಳುಗಟ್ಟಲೆ ಸುತ್ತುತ್ತಿರುತ್ತೇವೆ. ಹೋದಲ್ಲೆಲ್ಲ ನಾವು ನೆಂಟರು. ಕೆಲಸಕ್ಕೆ ಮಾತ್ರ ಮನೆಯವರು. ಪಾಠ ಶುರುವಾದಾಗ, "ನೀವು ಫ್ಯಾಮಿಲಿ ಮೆಡಿಸಿನ್ ಅಲ್ವಾ, ವಾರ್ಡ್ ನೋಡ್ಕೊಳ್ಳಿ" ಅನ್ನುತ್ತಾರೆ. ಒಬ್ಬ ರೋಗಿಯನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವುದೇ ಫ್ಯಾಮಿಲಿ ಡಾಕ್ಟರ ಕೆಲಸ. ಮೂರು ವರ್ಷದಲ್ಲಿ ನಾನು ಮೂರನೇ ಸಲ ನೋಡಿದ ರೋಗಿ ಅಂತ ಇದ್ದರೆ ಅದು ನಮ್ಮ ಅತ್ತೆ.

ಡಾಕ್ಟರಾದವರು ಕೆಲಸದ ಜೊತೆಗೇ ಓದಿಕೊಳ್ಳಬೇಕು ಅನ್ನುತ್ತೀರೇನೋ. ಓದುತ್ತೇವೆ. ರೆಸಿಡೆಂಟ್‌ಗಳಿಗೆ ಅಂದರೆ ನಮ್ಮಂಥ ತರಬೇತಿಯ ಡಾಕ್ಟರುಗಳಿಗೆ ಡ್ಯೂಟಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರಬಾರದು ಅಂತ ಕೇಂದ್ರದ ಯೋಜನೆ 1992ರಲ್ಲೇ ಹೇಳಿದೆ. ಅದನ್ನು ಅರ್ಧ ಪಾಲಿಸಿದರೂ ನಾವು ಗ್ರಂಥವನ್ನೇ ಬರೆಯುತ್ತಿದ್ದೆವು. ಅದು ಆಗಲ್ಲ ಅಂತ ಗೊತ್ತು, ಅದಕ್ಕೇ ಹದಿನೈದು ದಿನ ಕೇಳುತ್ತಿದ್ದೇನೆ. ಪರೀಕ್ಷೆಗೆ ಮುಂಚೆ ಹದಿನೈದು ದಿನ. ಪರೀಕ್ಷೆ ಆದಮೇಲಲ್ಲ, ಮುಂಚೆ.

ಫೇಲಾದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಮೂರು ವರ್ಷ ಮುಗಿದ ಕೂಡಲೇ ಸ್ಟೈಪೆಂಡ್ ನಿಲ್ಲುತ್ತದೆ. ಮತ್ತೆ ಶುಲ್ಕ ಕಟ್ಟಬೇಕು, ಮುಂದಿನ ಸರದಿಗೆ ಕಾಯಬೇಕು. ನಾನೀಗ ಒಂದು ನರ್ಸಿಂಗ್ ಹೋಂನಲ್ಲಿ ರಾತ್ರಿಪಾಳಿ ಮಾಡುತ್ತಾ, ಹಗಲು ನಾಲ್ಕು ವರ್ಷದ ಮಗನನ್ನು ಮಲಗಿಸಿ ಪುಸ್ತಕ ತೆರೆಯುತ್ತೇನೆ. ಅವನಿಗಿಂತ ಮುಂಚೆ ನಾನೇ ಮಲಗಿರುತ್ತೇನೆ. ಪ್ರತಿ ಬಜೆಟ್‌ನಲ್ಲೂ ಹಳ್ಳಿಗೆ ಡಾಕ್ಟರಿಲ್ಲ ಅಂತ ಮರುಗುವವರು ನೀವೇ. ಹಳ್ಳಿಗೆ ಹೋಗಲು ತಯಾರಿದ್ದವರು ಆರು ಅಂಕಕ್ಕೆ ಇಲ್ಲಿ ಕೂತಿದ್ದೇವೆ.

ಒಂದು ಸುತ್ತೋಲೆ ಹೊರಡಿಸಿ. ಡಿಎನ್‌ಬಿ ನಡೆಸುವ ನಿಮ್ಮ ಎಲ್ಲ ಆಸ್ಪತ್ರೆಗಳಿಗೂ ಕಳಿಸಿ. ಪರೀಕ್ಷೆಗೆ ಮುಂಚೆ ಹದಿನೈದು ದಿನ ರಜೆ, ಅರ್ಜಿ ಕೊಟ್ಟ ಏಳು ದಿನದೊಳಗೆ ಉತ್ತರ, ಹಿಂದಿನ ರಾತ್ರಿ ಡ್ಯೂಟಿ ಇಲ್ಲ. ದುಡ್ಡು ಖರ್ಚಾಗುವಂಥದ್ದು ಇದರಲ್ಲಿ ಏನಿದೆ?

ನನ್ನ ಜೂನಿಯರ್ ಅರ್ಜಿಯ ಮೇಲೆ ಈಗಾಗಲೇ ಹಸಿರು ಇಂಕಿನಲ್ಲಿ ‘ಪರಿಶೀಲಿಸಿ’ ಅಂತ ಬಿದ್ದಿದೆಯಂತೆ. ಅವಳಿಗೆ ಇನ್ನು ಉಳಿದಿರುವುದು ಇಪ್ಪತ್ತಮೂರು ದಿನ.

ಇಂತಿ,
ಆರು ಅಂಕ ಕಡಿಮೆ ಬಿದ್ದ ಒಬ್ಬ ಡಾಕ್ಟರು