ಮಾನಿಟರ್ ಕೊಳ್ಳುವ ಮೊದಲು

ತೀರ್ಥಹಳ್ಳಿ

ಚಿರಂಜೀವಿ ಸುಹಾಸನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಮೂರು ಮಾನಿಟರ್‌ಗಳ ವಿವರ ಓದಿದೆ: ಒಂದು 34 ಇಂಚಿನ ಅಗಲದ್ದು, ಒಂದು 27 ಇಂಚಿನದು, ಇನ್ನೊಂದು 32 ಇಂಚಿನದು. ಓಎಲ್‌ಇಡಿಯೇ ಬೇಕೆಂದು ಆಗಲೇ ನಿರ್ಧರಿಸಿಬಿಟ್ಟಿದ್ದೀಯ. ನನ್ನನ್ನು ಕೇಳಿರುವುದು ಮೂರರಲ್ಲಿ ಯಾವುದು ಎಂದು ಮಾತ್ರ. ಟಿ.ವಿ. ರಿಪೇರಿ ಮಾಡಿಕೊಂಡಿದ್ದವನಿಗೆ ಇದೆಲ್ಲ ಏನು ಗೊತ್ತು ಎಂದು ಭಾವ ನಕ್ಕಿರುತ್ತಾರೆ. ನಗಲಿ ಬಿಡು.

ಓಎಲ್‌ಇಡಿ ಪರದೆಗೆ ಹಿಂದಿನಿಂದ ದೀಪವಿಲ್ಲ, ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದ ಕಡೆ ಆ ಚುಕ್ಕೆ ಆರಿಯೇ ಹೋಗುತ್ತದೆ. ರಾತ್ರಿಯ ದೃಶ್ಯಗಳಲ್ಲಿ ನೀನು ಮರುಳಾಗಿರುವುದು ಇದಕ್ಕೇ. ಆದರೆ ತಾನೇ ಉರಿಯುವ ಬತ್ತಿ ತಾನೇ ಸವೆಯುತ್ತದೆ. ನನ್ನ ಅಂಗಡಿಗೆ ಒಮ್ಮೆ ಒಂದು ಹೋಟೆಲಿನ ಟಿ.ವಿ. ಬಂದಿತ್ತು. ಬೆಳಗಿನಿಂದ ರಾತ್ರಿಯವರೆಗೆ ಅದೇ ವಾರ್ತಾ ಚಾನೆಲ್ ಹಾಕಿಡುತ್ತಿದ್ದರಂತೆ. ಚಾನೆಲ್ ಬದಲಿಸಿದರೂ ಮೂಲೆಯಲ್ಲಿ ಆ ಲಾಂಛನ ದೆವ್ವದ ಹಾಗೆ ನಿಂತಿತ್ತು. ಪಿಕ್ಚರ್ ಟ್ಯೂಬಿನೊಳಗೆ ಬೆಳಗುವ ಲೇಪನವೇ ಸುಟ್ಟಿದ್ದರಿಂದ ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನಿನ್ನ ವಿಂಡೋಸ್‌ನ ಕೆಳಗಿನ ಪಟ್ಟಿ ಇದೆಯಲ್ಲ, ಅದೂ ಅಂಥದ್ದೇ ಲಾಂಛನ. ಆಟ ದಿನಕ್ಕೆ ಎರಡು ಗಂಟೆ, ಕೋಡ್ ಒಂಬತ್ತು ಗಂಟೆ ಎಂದು ನೀನೇ ಬರೆದಿದ್ದೀಯ. ಹಾಗಿದ್ದೂ ಪತ್ರದಲ್ಲಿ ಮುಕ್ಕಾಲು ಪಾಲು ಆಟದ ಮಾತೇ.

ಹೋದ ಯುಗಾದಿಗೆ ಬೆಂಗಳೂರಿಗೆ ಬಂದಾಗ ನಿನ್ನ ಗೆಳೆಯನ ಕೋಣೆಯಲ್ಲಿ 34 ಇಂಚಿನ ಅಗಲ ಪರದೆ ನೋಡಿದೆನಲ್ಲ, ನೆನಪಿದೆಯೆ? ಜೇಬಿನಿಂದ ಭೂತಗನ್ನಡಿ ತೆಗೆದದ್ದಕ್ಕೆ ಇಬ್ಬರೂ ನಕ್ಕಿರಿ. ನಾನು ನೋಡುತ್ತಿದ್ದದ್ದು 'ಲಕ್ಷ್ಮಿ' ಎಂಬ ಪದವನ್ನು. ಅಕ್ಷರದ ಮೇಲಂಚಿನಲ್ಲಿ ಹಸಿರು ಎಳೆ, ಕೆಳಗಿನ ಅಂಚಿನಲ್ಲಿ ಗುಲಾಬಿ ಎಳೆ. ಕ್ಷ್ಮಿಯ ಒತ್ತಿನೊಳಗಿನ ಸಂದು ಅರ್ಧ ತುಂಬಿಹೋಗಿತ್ತು. ಅದು ಸ್ಯಾಮ್ಸಂಗ್ ತಯಾರಿಸುವ ಕ್ಯೂಡಿ-ಓಎಲ್‌ಇಡಿ ಎಂಬ ಜಾತಿಯ ಫಲಕ. ಅದರ ಒಂದೊಂದು ಚುಕ್ಕೆಯೊಳಗೂ ಕೆಂಪು, ಹಸಿರು, ನೀಲಿ ಕಿರುಚುಕ್ಕೆಗಳು ತ್ರಿಕೋನದಂತೆ ಕೂತಿರುತ್ತವೆ. ಅವು ಸಾಲಾಗಿ ಪಕ್ಕಪಕ್ಕದಲ್ಲಿವೆ ಎಂದುಕೊಂಡು ವಿಂಡೋಸ್ ಅಕ್ಷರವನ್ನು ತಿದ್ದುತ್ತದೆ. ಅಂಚಿಗೆ ಬಣ್ಣ ಬರುವುದು ಅದರಿಂದ. ಆ ಪರದೆಯಲ್ಲಿ ಇಂಚಿಗೆ ಸುಮಾರು 110 ಚುಕ್ಕೆಗಳು. ನಿನ್ನ ಪಟ್ಟಿಯ 27 ಇಂಚಿನ 1440ಪಿಯಲ್ಲೂ (ಮೇಲಿನಿಂದ ಕೆಳಕ್ಕೆ 1440 ಚುಕ್ಕೆಸಾಲು) ಹೆಚ್ಚುಕಡಿಮೆ ಅಷ್ಟೇ. ಅದು ಎಲ್‌ಜಿಯ ಡಬ್ಲ್ಯೂಓಎಲ್‌ಇಡಿ ಫಲಕ, ಬಿಳಿ ಬೆಳಕನ್ನು ಬಣ್ಣದ ಫಿಲ್ಟರುಗಳ ಮೂಲಕ ಹಾಯಿಸುವ ಜಾತಿ. ಅದರಲ್ಲಿ ಬಿಳಿಯ ನಾಲ್ಕನೆಯ ಕಿರುಚುಕ್ಕೆಯೂ ಸೇರಿರುವುದರಿಂದ ಅಕ್ಷರದ ತೊಂದರೆ ಅಲ್ಲೂ ಇದ್ದೇ ಇದೆ.

ನಿನ್ನ ಪಟ್ಟಿಯ 32 ಇಂಚಿನ 4ಕೆಯೂ ಕ್ಯೂಡಿ-ಓಎಲ್‌ಇಡಿಯೇ, ಆದರೆ ಅದರಲ್ಲಿ ಇಂಚಿಗೆ ಸುಮಾರು 140 ಚುಕ್ಕೆಗಳು. ಬಣ್ಣದ ಎಳೆ ಅಲ್ಲೂ ಇರುತ್ತದೆ, ಆದರೆ ಕುಳಿತ ದೂರದಿಂದ ನಿನ್ನ ಕಣ್ಣಿಗೆ ಬೀಳುವುದಿಲ್ಲ. ಅದನ್ನೇ ಕೊಳ್ಳು. ಒಂದು ಎಚ್ಚರ: 4ಕೆ ಎಂದರೆ ಸುಮಾರು 83 ಲಕ್ಷ ಚುಕ್ಕೆ, ಗೆಳೆಯನ ಪರದೆಯಲ್ಲಿ 50 ಲಕ್ಷ. ಸೆಕೆಂಡಿಗೆ 240 ಬಾರಿ ಅಷ್ಟನ್ನೂ ಹೊಸದಾಗಿ ಬರೆಯಲು ನಿನ್ನ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. ಬಿಡಲಿ, ಆಟದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿಕೋ. ಕಾರ್ಡನ್ನು ನಾಳೆ ಬದಲಿಸಬಹುದು, ಫಲಕದ ಚುಕ್ಕೆಗಳನ್ನು ಬದಲಿಸಲಾಗದು.

ಪೆಟ್ಟಿಗೆಯ ಮೇಲಿನ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ನೋಡಿ ಹಿಗ್ಗಬೇಡ. ಅದು ಪರದೆಯ ಚಿಕ್ಕದೊಂದು ತುಂಡು ಮಾತ್ರ ಬೆಳಗಿದಾಗಿನ ಲೆಕ್ಕ. ಪೂರ್ತಿ ಬಿಳಿ ಪುಟ ತೆರೆದರೆ 250ರ ಆಸುಪಾಸಿಗೆ ಇಳಿಯುತ್ತದೆ. ನಿನ್ನ ಕುರ್ಚಿಯ ಬೆನ್ನಿಗೇ ಪೂರ್ವದ ಕಿಟಕಿ ಇದೆ. ಕ್ಯೂಡಿ-ಓಎಲ್‌ಇಡಿಗೆ ಹೊರಗಿನ ಬೆಳಕಿನ ಪ್ರತಿಫಲನ ತಗ್ಗಿಸುವ ಪೋಲರೈಸರ್ ಪದರ ಇಲ್ಲದ್ದರಿಂದ ಹಗಲು ಬೆಳಕು ಬಿದ್ದರೆ ಆ ಹೆಸರಾಂತ ಕಪ್ಪು ಬೂದು ಬಣ್ಣಕ್ಕೆ ತಿರುಗಿ, ತುಸು ನೇರಳೆಯಾಗಿ ಕಾಣುತ್ತದೆ. ಮೇಜನ್ನು ತಿರುಗಿಸು, ಆಗದಿದ್ದರೆ ಕಿಟಕಿಗೆ ದಪ್ಪ ಪರದೆ ಬಟ್ಟೆ ಹೊಲಿಸು. ಎರಡೂ ಆಗದೆಂದರೆ ನನ್ನ ಸಲಹೆ ಬದಲಾಗುತ್ತದೆ, ಎಲ್‌ಜಿ ಫಲಕವಿರುವ 32 ಇಂಚಿನ 4ಕೆ ಹುಡುಕು.

ಹಿಂದಿನಿಂದ ದೀಪವಿರುವ ನಿನ್ನ ಹಳೆಯ ಐಪಿಎಸ್ ಮಾನಿಟರನ್ನು ಮಾರಬೇಡ. ಮಾರಿದರೆ ಎಷ್ಟು ಬಂದೀತು? ಅದನ್ನು ಪಕ್ಕಕ್ಕೆ ನಿಲ್ಲಿಸಿ ಇಡೀ ದಿನ ಕದಲದೆ ನಿಲ್ಲುವ ಮೇಲ್, ಚಾಟ್, ಕೋಡಿನ ಕಿಟಕಿಗಳನ್ನೆಲ್ಲ ಅದಕ್ಕೇ ಹಾಕು. ಹೊಸದರಲ್ಲಿ ಕೆಳಗಿನ ಪಟ್ಟಿ ತಾನೇ ಮರೆಯಾಗುವಂತೆ ಮಾಡು. ಹಳೆಯ ಬನಿಯನ್ ತುಂಡಿನಿಂದ ಉಜ್ಜಬೇಡ, ಮೇಲಿನ ಲೇಪನಕ್ಕೆ ಗೀರು ಬೀಳುತ್ತದೆ.

ದುಬೈಯಿಂದ ಗೆಳೆಯ ತರುತ್ತಾನೆ, ಹದಿನೈದು ಸಾವಿರ ಉಳಿಯುತ್ತದೆ ಎಂದಿದ್ದೀಯ. ಬೇಡ. ಹಲವು ಕಂಪನಿಗಳು ಆ ಲಾಂಛನದಂತೆ ಅಚ್ಚು ಉಳಿಯುವ ದೋಷಕ್ಕೂ (ಬರ್ನ್-ಇನ್) ಮೂರು ವರ್ಷದ ವಾರಂಟಿ ಕೊಡುತ್ತವೆ. ಲಕ್ಷದ ಮೇಲೆ ಸುರಿಯುವಾಗ ಆ ಕಾಗದ ಇಲ್ಲಿ ಚಲಾವಣೆಯಾಗುವಂಥದ್ದೇ ಇರಬೇಕು. ದೋಷದ ಹೆಸರು ಅದರಲ್ಲಿ ಸ್ಪಷ್ಟವಾಗಿ ಬರೆದಿದೆಯೆ ಎಂದು ಓದಿಯೇ ಹಣ ಕೊಡು. ಅಂಗಡಿಯವನ ಬಾಯಿಮಾತು ಸಾಲದು. ಬಾಯಿಮಾತಿನ ಗ್ಯಾರಂಟಿಯನ್ನು ನಾನೂ ಬೇಕಾದಷ್ಟು ಕೊಟ್ಟಿದ್ದೇನೆ!

ಕೊನೆಯದಾಗಿ ಗೋಡೆಯ ಸ್ವಿಚ್ಚಿನ ವಿಷಯ. ಕೆಲವು ಗಂಟೆ ಬಳಸಿ ಆರಿಸಿದ ಮೇಲೆ ಈ ಮಾನಿಟರ್ ಮಲಗಿರುವ ಹೊತ್ತಿನಲ್ಲಿ ತನ್ನ ಚುಕ್ಕೆಗಳ ಸವೆತವನ್ನು ಅಳೆದು ಸರಿದೂಗಿಸಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷ ವಿದ್ಯುತ್ ಬೇಕು. ನಿಮ್ಮ ಮನೆಯಲ್ಲಿ ಮಲಗುವ ಮೊದಲು ಅಕ್ಕ ಕೋಣೆ ಕೋಣೆಗೂ ಹೋಗಿ ಸ್ವಿಚ್ ಆರಿಸುವುದನ್ನು ನಾನು ಕಂಡಿದ್ದೇನೆ. ನಮ್ಮಮ್ಮನಿಂದ ಬಂದ ಅಭ್ಯಾಸ. ನೀನು ಹೇಳಿದರೆ ಕೇಳುವವಳಲ್ಲ, ಭಾನುವಾರ ನಾನೇ ಫೋನ್ ಮಾಡಿ ಹೇಳುತ್ತೇನೆ.

ಇಂತಿ,
ನಿನ್ನ ಮಾವ