ಸೈಕಲ್ ಪಥ ಮತ್ತೆ ಬರುತ್ತದಂತೆ, ಮೊದಲು ಆ ಕಬ್ಬಿಣದ ಪ್ಲೇಟ್ ಎತ್ತಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊರ ವರ್ತುಲ ರಸ್ತೆಯನ್ನು ಹೊಸದಾಗಿ ಮಾಡುತ್ತಾರೆ, ಅದರಲ್ಲಿ ಸೈಕಲ್ ಪಥವೂ ಇರುತ್ತದೆ ಎಂಬ ನಿಮ್ಮ ವರದಿಯನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿದೆ. ಒಂಬತ್ತು ಗಂಟೆಯ ಹೊತ್ತಿಗೆ ಅದೇ ರಸ್ತೆಯಲ್ಲಿ ಸೈಕಲ್ ಸಮೇತ ಮಕಾಡೆ ಬಿದ್ದಿದ್ದೆ. ಅದಕ್ಕೇ ಈ ಪತ್ರ. ಕೋಪ ಆರುವ ಮೊದಲೇ ಬರೆಯುತ್ತಿದ್ದೇನೆ, ಮಾತು ಒರಟಾದರೆ ತಿದ್ದಿಕೊಂಡು ಹಾಕಿ.

ಇಬ್ಬಲೂರು ಜಂಕ್ಷನ್ ದಾಟಿ ಬೆಳ್ಳಂದೂರು ಕಡೆ ಹೋಗುವ ಸರ್ವಿಸ್ ರಸ್ತೆ ಈಗ ಹೇಗಿದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಮೆಟ್ರೊ ಕೆಲಸಕ್ಕೆ ಅಗೆದ ಗುಂಡಿಯ ಮೇಲೆ ಕಬ್ಬಿಣದ ಪ್ಲೇಟ್ ಹಾಸಿದ್ದಾರೆ. ಎರಡು ಪ್ಲೇಟ್ ನಡುವೆ ಸಂದಿ. ಅಡ್ಡಕ್ಕೆ ಇದ್ದಿದ್ದರೆ ಕುಲುಕಿಕೊಂಡು ದಾಟಬಹುದಿತ್ತು, ಆದರೆ ಸಂದಿ ಇರುವುದು ಉದ್ದಕ್ಕೆ, ನಾವು ಹೋಗುವ ದಿಕ್ಕಿನಲ್ಲೇ, ಸರಿಯಾಗಿ ಸೈಕಲ್ ಟೈರ್ ಅಗಲಕ್ಕೆ ಅಳತೆ ತೆಗೆದು ಮಾಡಿಸಿದ ಹಾಗೆ. ಪಕ್ಕಕ್ಕೆ ಸರಿಯೋಣ ಎಂದರೆ ಒಂದು ಕಡೆ ಬ್ಯಾರಿಕೇಡ್, ಇನ್ನೊಂದು ಕಡೆ ನೀರಿನ ಟ್ಯಾಂಕರ್, ಹಿಂದಿನಿಂದ ಕಿವಿ ಕಿತ್ತುಹೋಗುವಂಥ ಹಾರ್ನ್. ಮುಂದಿನ ಚಕ್ರ ಸಂದಿಗೆ ಇಳಿಯಿತು, ನಾನು ಮುಂದಕ್ಕೆ ಹೋದೆ, ಸೈಕಲ್ ಅಲ್ಲೇ ನಿಂತಿತು.

ಮೊಣಕೈ ತರಚಿತು, ಪ್ಯಾಂಟ್ ಹರಿಯಿತು, ರಿಮ್ ಡೊಂಕಾಯಿತು. ಕೆಂಪು ಬಾವುಟ ಹಿಡಿದು ನಿಂತಿದ್ದ ಹುಡುಗ ಓಡಿ ಬಂದು ಎಬ್ಬಿಸಿದ, ಪಾಪ, ಅವನಿಗೆ ಕನ್ನಡ ಬರಲ್ಲ, ಆದರೂ ನೀರು ಕೊಟ್ಟ. ಕನ್ನಡ ಬರುವ ಸೂಪರ್‌ವೈಸರ್ ಬಂದು ಕೇಳಿದ್ದು ಒಂದೇ ಮಾತು: 'ಇಲ್ಲಿ ಸೈಕಲ್ ಯಾಕ್ ತರ್ತೀರ ಸಾರ್?' ಆಮೇಲೆ ಡೊಂಕು ಸೈಕಲ್ ಹೆಗಲಿಗೆ ಹಾಕಿಕೊಂಡು ನಿಂತರೆ ಆಟೊದವರು ನೋಡಿಯೂ ನೋಡದ ಹಾಗೆ ಹೋದರು. ಆಫೀಸಿನಲ್ಲಿ ಮೀಟಿಂಗ್ ಮುಗಿದುಹೋಗಿತ್ತು, ಮ್ಯಾನೇಜರ್ ಕಣ್ಣು ಹರಿದ ಪ್ಯಾಂಟ್ ಮೇಲೆ. ಸಂಜೆ ಸೈಕಲ್ ಶಾಪ್‌ನವನು ರಿಮ್ ನೋಡಿ, ಇದನ್ನು ಎಳೆದು ಸರಿ ಮಾಡೋಕಾಗಲ್ಲ, ಹೊಸದೇ ಹಾಕಬೇಕು, ಅದೂ ಆರ್ಡರ್ ಕೊಟ್ಟು ತರಿಸಬೇಕು ಎಂದ. ಅಲ್ಲಿಯವರೆಗೆ ನಾನೂ ಕ್ಯಾಬ್ ಹತ್ತಿ ಇದೇ ಟ್ರಾಫಿಕ್‌ಗೆ ಇನ್ನೊಂದು ಕಾರು ಸೇರಿಸುತ್ತೇನೆ, ಎಲ್ಲರಿಗೂ ಸಂತೋಷ ತಾನೇ?

ಸೈಕಲ್ ಯಾಕೆ ತರುತ್ತೇವೆ ಅಂದರೆ, ತನ್ನಿ ಎಂದು ಕರೆದವರು ಅಧಿಕಾರಿಗಳಾದ ನೀವೇ ಸ್ವಾಮಿ! 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್‌ನಿಂದ ಕೆ.ಆರ್. ಪುರದವರೆಗೆ ಬಸ್ಸಿಗೇ ಬೇರೆ ಪಥ ಮಾಡಿದರು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಇದೇ ರಸ್ತೆಯಲ್ಲಿ ಸೈಕಲ್‌ಗೆ ಬಣ್ಣ ಬಳಿದು ಕಂಬ ನೆಟ್ಟು ಜಾಗ ಕೊಟ್ಟರು. ಆಗ ಭರವಸೆಯಿಂದ ಸೈಕಲ್ ಕೊಂಡವರಲ್ಲಿ ನಾನೂ ಒಬ್ಬ. ಅದು ಏನೂ ಅರಮನೆ ರಸ್ತೆಯಾಗಿರಲಿಲ್ಲ ಬಿಡಿ. ಬೈಕಿನವರು ನುಗ್ಗುತ್ತಿದ್ದರು, ಬಸ್ ಸ್ಟಾಪ್ ಹತ್ತಿರ ಪಥವೇ ಮಾಯವಾಗುತ್ತಿತ್ತು. ಆದರೂ ಇತ್ತು. ಮಾರನೇ ವರ್ಷ ಮೆಟ್ರೊ ಕೆಲಸ ಶುರುವಾಯಿತು ನೋಡಿ, ಕಾರಿಗೆ ಇರುವ ಜಾಗ ಹೇಗೋ ಉಳಿಸಿಕೊಂಡರು, ಬಸ್ಸಿನ ಪಥ ಹೋಯಿತು, ಸೈಕಲ್ ಪಥವೂ ಹೋಯಿತು. ಕಂಬಗಳು ಎಲ್ಲಿ ಹೋದವು ಎಂದು ಯಾರನ್ನು ಕೇಳಬೇಕು? ಒಂದು ಕಚೇರಿಗೆ ಹೋಗಿ ಕೇಳಿದ್ದೂ ಆಯಿತು. ರಸ್ತೆ ನಮ್ಮದಲ್ಲ, ಮೆಟ್ರೊದವರದು ಎಂದರು. ಅವರ ಹತ್ತಿರ ಹೋದರೆ ಬ್ಯಾರಿಕೇಡ್ ಒಳಗಿನದು ಮಾತ್ರ ನಮ್ಮದು, ಹೊರಗಿನದು ಬೇರೆಯವರದು ಎಂದರು. ನಾನು ಬಿದ್ದ ಪ್ಲೇಟ್ ಅರ್ಧ ಒಳಗಿದೆ, ಅರ್ಧ ಹೊರಗಿದೆ. ಈಗ ನನ್ನ ಯಾವ ಮೊಣಕೈಗೆ ಯಾರು ಜವಾಬ್ದಾರರು?

ಮೆಟ್ರೊ ಬೇಡ ಎಂದು ಯಾರೂ ಹೇಳುತ್ತಿಲ್ಲ. ಬರಲಿ, ಬೇಗ ಬರಲಿ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ 13 ನಿಲ್ದಾಣ ಬರುತ್ತವೆ, ಒಳ್ಳೆಯದೇ. ಆದರೆ ಆ ನಿಲ್ದಾಣಕ್ಕೆ ಕಸವನಹಳ್ಳಿಯವರು, ಹರಳೂರಿನವರು, ಪಣತ್ತೂರಿನವರು ಹೇಗೆ ಬರಬೇಕು? ಎರಡು ಮೂರು ಕಿಲೊಮೀಟರ್‌ಗೆ ಸೈಕಲ್‌ಗಿಂತ ಸುಲಭ ಯಾವುದಿದೆ? ಇದನ್ನು ಯೋಚಿಸಲು ದೊಡ್ಡ ತಜ್ಞರು ಬೇಕಾ? ಕೆಲಸ ನಡೆಯುವಾಗಲೂ ಬ್ಯಾರಿಕೇಡ್ ಪಕ್ಕ ಒಂದು ಗಜ ಜಾಗ ಬಿಟ್ಟು, ಪ್ಲೇಟ್ ಅಡ್ಡಕ್ಕೆ ಹಾಕಿ, ರಾತ್ರಿಗೆ ಒಂದು ದೀಪ ಕಟ್ಟಿದ್ದರೆ ಸಾಕಿತ್ತು, ಅದಕ್ಕೆ ಸಚಿವ ಸಂಪುಟದ ಒಪ್ಪಿಗೆ ಬೇಕಿರಲಿಲ್ಲ.

ಹಾಂ, ಮರೆತೆ. ಸೈಕಲ್‌ನವರಿಗೆ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 2022ರಿಂದ ಮೆಟ್ರೊ ರೈಲಿನ ಕೊನೆಯ ಬೋಗಿಯಲ್ಲಿ ಮಡಚುವ ಸೈಕಲ್ ತರಬಹುದು, 15 ಕಿಲೊ ಮೀರಬಾರದು. ನನ್ನದು ಮಡಚುವ ಸೈಕಲ್ ಆಗಿರಲಿಲ್ಲ, ಈಗ ಪ್ಲೇಟಿನ ಕೃಪೆಯಿಂದ ಅರ್ಧ ಮಡಚಿದೆ. ಬಿಟ್ಟುಕೊಳ್ಳುತ್ತಾರಾ?

ಇದೇನು ಹೊಸದಲ್ಲ ಬಿಡಿ. 2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಪಥ ಎಂದು ಗೆರೆ ಎಳೆದಿದ್ದರು. ಅದು ಅಂದಚಂದದ ಕಾರ್ ಪಾರ್ಕಿಂಗ್ ಆಯಿತು. ನಮ್ಮ ಬೆಳ್ಳಂದೂರು ಕೆರೆಗೆ 2018ರಲ್ಲಿ ಬೆಂಕಿ ಬಿದ್ದು, ನೀರಿಗೆ ಬಿದ್ದ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. 2022ರ ಮಳೆಗೆ ಇದೇ ರಸ್ತೆಯ ಪಕ್ಕದ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದರು. ಪ್ರತಿ ಸಲ ಅಧಿಕಾರಿಗಳು ಬಂದರು, ಕೈ ತೋರಿಸಿದರು, ಫೋಟೊ ತೆಗೆಸಿಕೊಂಡರು, ಹೋದರು. ನಮ್ಮ ಬೀದಿ ದೀಪದ ಕಥೆ ಇನ್ನೂ ಚೆನ್ನಾಗಿದೆ: ಆ್ಯಪ್‌ನಲ್ಲಿ ದೂರು ಕೊಟ್ಟರೆ ಸಂಜೆಗೆ 'ಪರಿಹರಿಸಲಾಗಿದೆ' ಎಂದು ಮೆಸೇಜ್ ಬರುತ್ತದೆ, ಆ ಮೆಸೇಜನ್ನು ನಾನು ಕತ್ತಲಲ್ಲೇ ನಿಂತು ಓದುತ್ತೇನೆ. ಮನೆಯ ಖಾತೆ ಮಾಡಿಸುವ ವಿಷಯ ಎತ್ತಿದರೆ ಈ ಪತ್ರ ನಿಮ್ಮ ಪುಟದಲ್ಲಿ ಹಿಡಿಸುವುದಿಲ್ಲ.

ಇನ್ನು ಜೂನ್ 3 ಬಂದರೆ ವಿಶ್ವ ಸೈಕಲ್ ದಿನ. ಹೊಸ ಹೆಲ್ಮೆಟ್ ಹಾಕಿಕೊಂಡು ಸಾಹೇಬರು ನೂರು ಮೀಟರ್ ತುಳಿಯುತ್ತಾರೆ, ಹಿಂದೆ ಅವರ ಕಾರು ಎ.ಸಿ. ಹಾಕಿಕೊಂಡು ಬರುತ್ತಿರುತ್ತದೆ. ಒಂದು ಸಲ ಸೋಮವಾರ ಬೆಳಿಗ್ಗೆ ಇಬ್ಬಲೂರಿನಿಂದ ಕಾಡುಬೀಸನಹಳ್ಳಿಯವರೆಗೆ ತುಳಿಯಿರಿ ನೋಡೋಣ. ನೀರು ನಾನೇ ಕೊಡುತ್ತೇನೆ, ಬ್ಯಾಂಡೇಜೂ ಕೊಡುತ್ತೇನೆ.

ಸಂಬಂಧಪಟ್ಟವರು (ಯಾರೋ ಗೊತ್ತಿಲ್ಲ, ಇದನ್ನು ಓದಿ ಯಾರಿಗೆ ಉರಿಯುತ್ತದೋ ಅವರು) ಆ ಪ್ಲೇಟನ್ನು ಇವತ್ತೇ ಸರಿಪಡಿಸಲಿ, ಹೊಸ ರಸ್ತೆ ಮಾಡುವಾಗ ಸೈಕಲ್‌ಗೆ ನಿಜವಾದ ಜಾಗ ಕೊಡಲಿ. ಕೊಡಲು ಆಗದಿದ್ದರೆ ಸುಮ್ನೆ ನಕ್ಷೆಯಲ್ಲಿ ಹಸಿರು ಗೆರೆ ಎಳೆದು ಪತ್ರಿಕೆಯವರ ಮುಂದೆ ಹಿಡಿಯುವುದನ್ನಾದರೂ ಬಿಡಲಿ. ನೀವೂ ಅಷ್ಟೇ ಸಂಪಾದಕರೇ, ಇನ್ನೊಂದು ಸಲ ಅಂಥ ನಕ್ಷೆ ಕೈಗೆ ಬಂದರೆ ಹಳೇ ಪಥದ ಕಂಬ ಎಲ್ಲಿ ಎಂದು ಒಂದು ಮಾತು ಕೇಳಿ ಆಮೇಲೆ ಅಚ್ಚು ಹಾಕಿ. ಉದ್ಘಾಟನೆಗೆ ಮಾತ್ರ ನಮ್ಮಂಥವರನ್ನು ಕರೆಯಬೇಡಿ, ಫೋಟೊಗೆ ಸೈಕಲ್ ಬಾಡಿಗೆಗೆ ಸಿಗುತ್ತದೆ.

– ಅಗರದ ಒಬ್ಬ ಸೈಕಲ್ ಸವಾರ, ಬೆಂಗಳೂರು